ತಾಯಿ ಮರ ಕಂಡಿತು, ಅಪ್ಪ ಯಾರು?

ಪುಣೆಯಲ್ಲಿ ಮಳೆ ಹಿಡಿದ ಕೂಡಲೇ ನನ್ನ ಮೊಬೈಲಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಟೇಕಡಿ (ಊರೊಳಗಿನ ಗುಡ್ಡಕ್ಕೆ ಇಲ್ಲಿಯವರ ಹೆಸರು) ಮೇಲೆ ಗುಂಡಿ ತೋಡುತ್ತಿರುವವರು, ಕೈಯಲ್ಲಿ ಸಸಿ ಹಿಡಿದ ಮಕ್ಕಳು, ಕೆಳಗೆ ಇಷ್ಟು ಸಾವಿರ ಸಸಿ ನೆಟ್ಟೆವು ಅಂತ ಒಂದು ಸಾಲು. ಖುಷಿಯಾಗುತ್ತದೆ. ನಾನೂ ಹೋಗಿ ನೆಡುತ್ತೇನೆ. ಆದರೆ ಈಚೆಗೆ ಅಂಥ ಫೋಟೋ ನೋಡಿದಾಗಲೆಲ್ಲ ಕೇಳಬೇಕು ಅನಿಸುವುದು ಒಂದೇ: ಈ ಸಸಿಯ ಬೀಜ ಎಲ್ಲಿಯದು? ಯಾವ ಮರದ್ದು?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಕಾತ್ರಜ್ ದಾಟಿ ಸಾತಾರಾ ರಸ್ತೆಯಲ್ಲಿ ಹೋಗಿ ಭೋರ್ ಕಡೆ ತಿರುಗಿದರೆ ನನ್ನ ಒಬ್ಬ ಮರಾಠಿ ಸ್ನೇಹಿತರ ಜಮೀನಿದೆ. ನನಗಿಂತ ದೊಡ್ಡವರು, ದಾದಾ ಅಂತಲೇ ಕರೆಯುತ್ತೇನೆ. ಹನ್ನೆರಡು ವರ್ಷದ ಹಿಂದೆ ಅವರು ಎರಡು ಎಕರೆಗೆ ತೇಗ ಹಾಕಬೇಕು ಅಂದಾಗ ಸಸಿ ತರುವ ಕೆಲಸ ನಾನು ಹೊತ್ತುಕೊಂಡೆ. ನಾನು ಹಳಿಯಾಳದವನು, ತೇಗದ ಕಾಡಿನ ಮಗ್ಗುಲಲ್ಲೇ ಬೆಳೆದವನು, ನನಗೆ ಗೊತ್ತಿರುತ್ತದೆ ಅಂತ ಅವರ ನಂಬಿಕೆ. ಒಂದು ನರ್ಸರಿಯಿಂದ ತಂದೆ. ಸಸಿ ನೋಡಲು ಗಟ್ಟಿಮುಟ್ಟಾಗಿದ್ದವು, ಅಗಲ ಎಲೆ, ರೇಟೂ ಕಡಿಮೆ. ಬೀಜ ಎಲ್ಲಿಂದ ತಂದಿರಿ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಐದಾರು ವರ್ಷಕ್ಕೇ ಅರ್ಧಕ್ಕರ್ಧ ಗಿಡ ಹೂ ಬಿಟ್ಟವು. ದಾದಾ ಫೋಟೋ ಕಳಿಸಿದರು, ಇಬ್ಬರೂ ಸಂತೋಷಪಟ್ಟೆವು. ಅದು ಸಂತೋಷಪಡುವ ವಿಷಯ ಅಲ್ಲ ಅಂತ ಗೊತ್ತಾಗಲು ಇನ್ನೆರಡು ವರ್ಷ ಹಿಡಿಯಿತು.

ತೇಗದ ಹೂಗೊಂಚಲು ಬರುವುದು ತುದಿಯಲ್ಲಿ. ಮೇಲಕ್ಕೆ ಏರುತ್ತಿದ್ದ ತುದಿ ಮೊಗ್ಗೇ ಹೂವಾಗಿಬಿಡುತ್ತದೆ. ಅಲ್ಲಿಗೆ ಕಾಂಡ ನೆಟ್ಟಗೆ ಏರುವುದು ನಿಂತಿತು. ಆಮೇಲೆ ಅದರ ಕೆಳಗಿನ ಎರಡು ಮೊಗ್ಗು ಎರಡು ಕಡೆಗೆ ಹೊರಡುತ್ತವೆ, ಮರ ಕವಲೊಡೆಯುತ್ತದೆ. ತಡವಾಗಿ ಹೂ ಬಿಡುವ ಮರದಲ್ಲಿ ಅಷ್ಟು ಹೊತ್ತಿಗೆ ಉದ್ದನೆಯ ದಿಮ್ಮಿ ಬೆಳೆದಿರುತ್ತದೆ, ಕವಲು ಮೇಲೆಲ್ಲೋ ಬಿದ್ದರೂ ನಷ್ಟವಿಲ್ಲ. ಐದನೇ ವರ್ಷಕ್ಕೇ ಬಿಟ್ಟರೆ? ಹನ್ನೆರಡು ಅಡಿಗೆ ಕವೆ. ದಾದಾ ಅವರ ತೋಪಿನಲ್ಲಿ ಈಗ ನಿಂತರೆ ಕಾಣುವುದು ಅದೇ, ಸಾಲು ಸಾಲು ಕವೆಗೋಲು.

ಬೇಗ ಹೂ ಬಿಡುವ ಚಾಳಿ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥದ್ದು. ಈಗ ಬೀಜ ಆರಿಸುವವರ ಕಡೆಯಿಂದ ನೋಡಿ. ಕೂಲಿ ಕಿಲೋ ಲೆಕ್ಕದಲ್ಲಿ. ಅವರು ಒಳಕಾಡಿಗೆ ಹೋಗಿ ಎಪ್ಪತ್ತು ಎಂಬತ್ತು ಅಡಿ ಎತ್ತರದ ನೆಟ್ಟಗಿನ ಮರದ ಬುಡದಲ್ಲಿ ಹುಡುಕುತ್ತಾ ಕೂರುತ್ತಾರಾ? ರಸ್ತೆ ಬದಿ, ಗಿಡ್ಡಗೆ, ನಾಲ್ಕೂ ಕಡೆ ಹರಡಿಕೊಂಡು, ವರ್ಷ ವರ್ಷ ಜಗ್ಗಿ ಕಾಯಿ ಬಿಡುವ ಮರದ ಕೆಳಗೆ ಒಂದು ಗಂಟೆಯಲ್ಲಿ ಚೀಲ ತುಂಬುತ್ತದೆ. ಅವರ ತಪ್ಪು ಏನೂ ಇಲ್ಲ. ಆದರೆ ನಾವು ದುಡ್ಡು ಕೊಟ್ಟು ಆರಿಸಿ ತರಿಸುತ್ತಿರುವುದು ಕವಲೊಡೆಯುವ ಗುಣವನ್ನೇ.

ನಮ್ಮೂರಲ್ಲಿ ಯಾವ ಮನೆಯಲ್ಲೂ ಹೀಗೆ ಮಾಡುವುದಿಲ್ಲ. ಸೌತೆ ಬಳ್ಳಿಯಲ್ಲಿ ಬಿಟ್ಟ ಮೊದಲ ಒಳ್ಳೆ ಕಾಯಿಗೆ ನನ್ನ ಅವ್ವ ಒಂದು ಬಟ್ಟೆ ಚೂರು ಕಟ್ಟುತ್ತಿದ್ದಳು. ಬೀಜಕ್ಕೆ ಬಿಟ್ಟದ್ದು, ಯಾರೂ ಮುಟ್ಟಬಾರದು. ಜೋಳದ ಹೊಲದಲ್ಲಿ ಕೊಯ್ಲಿಗೆ ಮುಂಚೆಯೇ ನಡೆದು ಹೋಗಿ ತುಂಬಿದ ತೆನೆ ನೋಡಿ ಬೇರೆ ಇಡುತ್ತಿದ್ದರು. ನೂರು ದಿನದ ಬೆಳೆಗೆ ಇಷ್ಟು ಜತನ. ಅರವತ್ತು ವರ್ಷ ನಿಲ್ಲುವ ಮರಕ್ಕೆ ರಸ್ತೆ ಬದಿ ಬಿದ್ದದ್ದು ಸಾಕು ಅಂದುಕೊಂಡಿದ್ದೇವೆ, ಅಲ್ವಾ?

ಅವ್ವನ ಥರ ನಾನೂ ಒಂದು ಒಳ್ಳೆ ಮರ ಹುಡುಕಿದೆ. ದಾದಾ ಅವರ ಮನೆತನದ್ದೇ ಇನ್ನೊಂದು ಏಳು ಎಕರೆ ಮಾಲ್ಕಿ ಕಾಡಿದೆ, ಗುಡ್ಡದ ಪಕ್ಕದಲ್ಲಿ. ತಾನಾಗಿ ಬೆಳೆದ ತೇಗ, ನಡುನಡುವೆ ಮತ್ತಿ (ಅಲ್ಲಿಯವರು ಐನ್ ಅನ್ನುತ್ತಾರೆ), ಹೊನ್ನೆ. ಅದರೊಳಗೆ ಕಂಬದಂಥ ಒಂದು ತೇಗ. ಅದರ ಬುಡದಲ್ಲಿ ಕಾಯಿ ಆರಿಸಿ ತಂದು, ಕೋಥ್ರೂಡಿನಲ್ಲಿ ಮಗನ ಮನೆಯಲ್ಲಿರುವ ಕಾಕಾನ ಮುಂದೆ ಸುರಿದೆ. ಕಾಕಾ ನಮ್ಮ ಕಡೆಯವರು, ಮೂವತ್ತು ಚಿಲ್ಲರೆ ವರ್ಷ ದಾಂಡೇಲಿ ಸುತ್ತಮುತ್ತಲ ಕಾಡಲ್ಲಿ ಫಾರೆಸ್ಟರ್ ಆಗಿ ತಿರುಗಿದವರು. ಮರದ ಫೋಟೋ ನೋಡಿದರು. ತಲೆ ಆಡಿಸಿದರು. ಆಮೇಲೆ ಕೇಳಿದರು: "ತಾಯಿ ಚಲೋ ಅದಾಳ ತಮ್ಮಾ, ಖರೆ. ಅಪ್ಪ ಯಾರು, ಅದನ್ನ ಹೇಳು."

ನಾನು ಸುಮ್ಮನೆ ಕೂತೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತೇವೆ. ಮರದ ವಿಷಯದಲ್ಲಿ ಅದು ಅರ್ಧ ಮಾತ್ರ. ಕಾಯಿ ಬಿದ್ದ ಬುಡ ನೋಡಿ ತಾಯಿ ಯಾರೆಂದು ಹೇಳಬಹುದು. ಪರಾಗ ಎಲ್ಲಿಂದ ಬಂತು ಅಂತ ಯಾರು ಕಂಡವರು? ತೇಗದ ಒಂದೊಂದು ಗೊಂಚಲಲ್ಲಿ ಸಾವಿರಗಟ್ಟಲೆ ಸಣ್ಣ ಬಿಳಿ ಹೂ. ಒಂದು ಹೂವಿನ ಆಯುಷ್ಯ ಒಂದು ದಿನ. ಆ ಒಂದು ದಿನದಲ್ಲಿ ಜೇನೋ ಇನ್ಯಾವ ಹುಳವೋ ಬೇರೆ ಮರದ ಪರಾಗ ತಂದರೆ ಕಾಯಿ ಕಟ್ಟುತ್ತದೆ, ಇಲ್ಲದಿದ್ದರೆ ಉದುರುತ್ತದೆ. ನೂರು ಹೂವಿಗೆ ಒಂದೆರಡು ಕಾಯಿ ನಿಂತರೆ ಹೆಚ್ಚು. ಆ ಹುಳಕ್ಕೆ ನೆಟ್ಟಗಿನ ಮರ ಯಾವುದು, ತಿರುಚಿದ್ದು ಯಾವುದು ಅಂತ ಭೇದವಿಲ್ಲ. ಹತ್ತಿರದ್ದಕ್ಕೆ ಹೋಗುತ್ತದೆ. ನನ್ನ ಕಂಬದ ಮರದ ಪಕ್ಕದಲ್ಲೇ ಮೂರು ಸೊಟ್ಟ ಮರ ಇದ್ದವು, ಮೂರೂ ಹೂವಿನಲ್ಲಿ ಮುಂದು.

ಹಾಗಾದರೆ ಒಂಟಿಯಾಗಿ ನಿಂತ ಒಳ್ಳೆ ಮರ ಹುಡುಕಿದರಾಯಿತಲ್ಲ ಅಂದೆ. ಕಾಕಾ ಬಾಯಲ್ಲಿ ಹೇಳದೆ ಕೈಯಲ್ಲಿ ತೋರಿಸಿದರು. ಹೊಲದ ಬದುವಿನ ಒಂಟಿ ತೇಗವೊಂದರ 20 ಕಾಯಿ ತರಿಸಿದರು. ತೇಗದ ಕಾಯಿ ನೋಡಿದ್ದೀರಲ್ಲ, ಹೊರಗೆ ಕಾಗದದ ಬುಡ್ಡೆಯಂಥ ಹೊದಿಕೆ, ಅದನ್ನು ಉಜ್ಜಿ ತೆಗೆದರೆ ಕಂದು ಬಣ್ಣದ ತುಪ್ಪಳು, ಅದರೊಳಗೆ ಕಲ್ಲಿನಂಥ ಓಟೆ. ಗಿಡ ಸವರುವ ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದರೆ ನಾಲ್ಕು ಕೋಣೆ ಕಾಣುತ್ತವೆ. ಒಂದೊಂದರಲ್ಲಿ ಒಂದು ಬೀಜ ಇರಬಹುದು, ಎಳ್ಳಿನ ಆಕಾರ, ಬೆಳ್ಳಗೆ, ಎಣ್ಣೆ ಜಿಡ್ಡು. ಇಪ್ಪತ್ತರಲ್ಲಿ ಹದಿಮೂರು ಕಾಯಿಯೊಳಗೆ ನಾಲ್ಕೂ ಕೋಣೆ ಖಾಲಿ. ಒಣಗಿದ ಪೊರೆ ಅಷ್ಟೇ. ತೇಗ ತನ್ನದೇ ಪರಾಗವನ್ನು ಬಹುಪಾಲು ಒಪ್ಪುವುದಿಲ್ಲ. ಒಂಟಿ ಮರ ಎಷ್ಟೇ ಹೂ ಬಿಟ್ಟರೂ ಜೊಳ್ಳೇ ಜಾಸ್ತಿ, ತನ್ನಿಂದ ತಾನೇ ಕಟ್ಟಿದ ನಾಲ್ಕು ಬೀಜ ಮೊಳೆತರೂ ಆ ಸಸಿಗಳಲ್ಲಿ ಕಸುವು ಕಡಿಮೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ ಥರ. ನಾನು ಕೊಳ್ಳುವಾಗ ಒಂದನ್ನಾದರೂ ಕತ್ತರಿಸಿ ನೋಡಿದ್ದರೆ!

ಅಂದರೆ ಬೇಕಾದದ್ದು ಒಂದು ಒಳ್ಳೆ ಮರವಲ್ಲ, ಒಳ್ಳೆ ಮರಗಳ ಒಂದು ಊರು. ಅಕ್ಕಪಕ್ಕದಲ್ಲಿ ಕೆಟ್ಟ ಅಪ್ಪಂದಿರು ಇಲ್ಲದ ಊರು. ಅದಕ್ಕೆ ಇರುವ ದಾರಿ ಕೊಡಲಿ. ಬೀಜೋತ್ಪಾದನಾ ಪ್ರದೇಶ ಅಂತ ಅರಣ್ಯ ಇಲಾಖೆಯವರು ಕರೆಯುವುದು ಇದನ್ನೇ. ಇರುವ ಕಾಡಿನಲ್ಲಿ, ಇಲ್ಲವೇ ಹಳೇ ನೆಡುತೋಪಿನಲ್ಲಿ, ಒಳ್ಳೆಯ ತುಂಡು ಆರಿಸಿ, ಅದರೊಳಗಿನ ಸೊಟ್ಟ, ಕವಲು, ರೋಗದ ಮರಗಳನ್ನು ತೆಗೆದು, ಉಳಿದವಕ್ಕೆ ನಾಲ್ಕೂ ಕಡೆ ಬೆಳಕು ಕೊಟ್ಟು, ಅವು ತಮ್ಮತಮ್ಮಲ್ಲೇ ಪರಾಗ ಹಂಚಿಕೊಳ್ಳುವಂತೆ ಮಾಡುವುದು. ಮರ ಪ್ರೀತಿಸುವವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ನನಗೂ ಕಷ್ಟವಾಯಿತು.

ಆದರೆ ಇದರ ಉಲ್ಟಾ ಕೆಲಸವನ್ನು ನಾವು ಇನ್ನೂರು ವರ್ಷ ಮಾಡಿದ್ದೇವೆ. ಮುಂಬೈ ಹಡಗುಕಟ್ಟೆಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕಾಮಲಿ ಅನ್ನುವ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಮಲಬಾರಿನ ತೇಗ ಅದು. ಅಷ್ಟು ಗಟ್ಟಿ. ಹಾಗೆ ಎಷ್ಟು ಹಡಗು, ಎಷ್ಟು ತೊಲೆ, ಎಷ್ಟು ರೈಲು ಹಳಿಯ ಅಡ್ಡಪಟ್ಟಿ! ಕಡಿಯುವವನು ದಿಮ್ಮಿಗೆ ಬರುವ ಮರವನ್ನೇ ಮೊದಲು ಆರಿಸುತ್ತಾನೆ, ಡೊಂಕನ್ನು ಬಿಟ್ಟು ಹೋಗುತ್ತಾನೆ. ಬಿಟ್ಟು ಹೋದದ್ದೇ ಆಮೇಲೆ ಬೀಜ ಉದುರಿಸುತ್ತದೆ. ನಮ್ಮ ಪುಣೆ ಹತ್ತಿರದ ದಾಪುರಿಯಲ್ಲಿ, ಅಂದರೆ ಈಗಿನ ದಾಪೋಡಿಯಲ್ಲಿ, ಸರ್ಕಾರಿ ಸಸ್ಯತೋಟ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಗಿಬ್ಸನ್ ಅನ್ನುವ ವೈದ್ಯ 1847ರಲ್ಲಿ ಮುಂಬೈ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಆದರು. ಆ ಹೊತ್ತಿಗೆ ಎಷ್ಟೋ ಒಳ್ಳೆಯ ಮರ ಹೋಗಿ ಆಗಿತ್ತು. ಚೆನ್ನಾಗಿದ್ದದ್ದು ಹಡಗಿಗೆ, ಕೆಟ್ಟದ್ದು ಬೀಜಕ್ಕೆ. ನಾವು ಮಾಡಲು ಹೊರಟದ್ದು ಇದನ್ನು ತಿರುಗಿಸುವುದು, ಏಳು ಎಕರೆಯಲ್ಲಾದರೂ.

ಕಾಕಾ ಮೊದಲ ಸಲ ಬಂದದ್ದು ಆಗಸ್ಟಿನಲ್ಲಿ. ಹೂವಿನ ಕಾಲ. ಯಾವ ಮರ ಹೂ ಬಿಟ್ಟಿದೆ, ಯಾವುದು ಬಿಟ್ಟಿಲ್ಲ, ಯಾವುದರಲ್ಲಿ ಜೇನು ಜಾಸ್ತಿ, ಬರೆದುಕೊಂಡೆವು. ಏನೂ ಗುರುತು ಹಾಕಲಿಲ್ಲ. ಮತ್ತೆ ಬಂದದ್ದು ಮಾರ್ಚಿನಲ್ಲಿ, ಎಲೆ ಪೂರ್ತಿ ಉದುರಿದಾಗ. ಆಗ ಮರ ಏನನ್ನೂ ಮುಚ್ಚಿಡುವುದಿಲ್ಲ, ಕವಲು, ತಿರುಚು, ಬುಡದ ಕೊರಕಲು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ನಾನು ಎತ್ತರದ ಮರ ಕಂಡಲ್ಲೆಲ್ಲ ಇದು ಇರಲಿ ಅನ್ನುತ್ತಿದ್ದೆ. ಕಾಕಾ ತಡೆದರು. ಒಂದು ಮರವನ್ನು ಒಂದೇ ನೋಡಬಾರದು. ಅದರ ಸುತ್ತಲಿನ ಐದು ಒಳ್ಳೆ ಮರ ನೋಡಬೇಕು, ಅದೇ ವಯಸ್ಸು, ಅದೇ ಮಣ್ಣು. ಹಳ್ಳದ ದಂಡೆಯಲ್ಲಿ ಎಲ್ಲವೂ ಎತ್ತರವೇ, ಅದು ನೀರಿನ ಗುಣ. ಕಲ್ಲು ಬಾರೆಯ ಮೇಲೆ ನೆರೆಯವರಿಗಿಂತ ಒಂದು ಆಳು ಎತ್ತರ ನಿಂತದ್ದು ಇದ್ದರೆ ಅದು ಮರದ ಗುಣ. ಹಾಗೇ ಸೊಟ್ಟದ್ದೆಲ್ಲ ಕೆಟ್ಟದ್ದೂ ಅಲ್ಲ. ಒಂದು ಮರ ಆಳೆತ್ತರದಲ್ಲಿ ಬಾಗಿ ಮತ್ತೆ ನೆಟ್ಟಗಾಗಿತ್ತು. ಕಾಕಾ ಬುಡದ ಸಿಪ್ಪೆ ಸವರಿ ನೋಡಿದರು, ಕರಿ ಕಲೆ. ಎಳೆಯದರಲ್ಲಿ ಬೆಂಕಿ ತಗುಲಿದೆ, ಹುಟ್ಟಿದ ದೋಷವಲ್ಲ. ಅದನ್ನು ಉಳಿಸಿದೆವು. ಇನ್ನೊಂದು ಕಡೆ ಒಂದೇ ಬೊಡ್ಡೆಯಿಂದ ಚಿಗುರಿದ ಮೂರು ಮರ, ಮೂರೂ ಚೆಂದ. ನಾನು ಮೂರು ಅಂತ ಬರೆದೆ. ಬೇರು ಒಂದೇ, ಹಾಗಾಗಿ ಮರವೂ ಒಂದೇ, ಒಂದು ಸಾಕು ಅಂದರು.

ಉಳಿಯಬೇಕಾದದ್ದಕ್ಕೆ ಸುಣ್ಣದ ಪಟ್ಟೆ, ಹೋಗಬೇಕಾದದ್ದಕ್ಕೆ ಕೆಂಪು ಗೀಟು. ದಾದಾ ಕೆಂಪು ಗೀಟು ಎಣಿಸುತ್ತಾ ಹೋದರು, ಎಣಿಕೆ ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಹಾರಾಷ್ಟ್ರದಲ್ಲಿ ಸ್ವಂತ ಜಮೀನಿನ ತೇಗ ಕಡಿಯಲೂ 1964ರ ಕಾಯ್ದೆ ಪ್ರಕಾರ ಅನುಮತಿ ಬೇಕು. ಅದಕ್ಕೊಂದಷ್ಟು ತಿಂಗಳು ಹೋಯಿತು. ಕಡಿತವನ್ನು ಒಂದೇ ಸಲ ಮಾಡಲಿಲ್ಲ. ಒತ್ತಾಗಿ ಬೆಳೆದ ಮರ ಒಮ್ಮೆಲೇ ಬಯಲಿಗೆ ಬಿದ್ದರೆ ಕಾಂಡದ ತುಂಬ ಚಿಗುರು ಒಡೆಯುತ್ತದೆ, ಗಾಳಿಗೆ ಬೀಳುವುದೂ ಉಂಟು. ಮೊದಲ ಬೇಸಿಗೆ ಅರ್ಧ, ಎರಡು ವರ್ಷ ಬಿಟ್ಟು ಇನ್ನರ್ಧ. ಎರಡು ಸಲವೂ ಹೂವಿನ ಕಾಲಕ್ಕೆ ಮುಂಚೆ ಮುಗಿಯಬೇಕು. ಇಲ್ಲದಿದ್ದರೆ ಹೋಗುವ ಮರ ಹೋಗುವ ಮುಂಚೆ ಪರಾಗ ಕೊಟ್ಟೇ ಹೋಗುತ್ತದೆ. ಕಡಿದ ಬೊಡ್ಡೆಗಳು ಮಳೆಗೆ ಮತ್ತೆ ಚಿಗುರುತ್ತವೆ, ತೇಗ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ, ವರ್ಷಕ್ಕೊಮ್ಮೆ ಆ ಚಿಗುರು ಸವರಬೇಕು. ಸುತ್ತ ಬೆಂಕಿ ರೇಖೆ, ಅಂದರೆ ಕಾಡ್ಗಿಚ್ಚು ಒಳಗೆ ಬರದಂತೆ ಬೋಳಿಸಿದ ಪಟ್ಟಿ. ಆಮೇಲೆ ನಾನು ಹುರುಪಿನಲ್ಲಿ ಕೆಳಗಿನ ಪೊದೆಯನ್ನೆಲ್ಲ ಬೋಳಿಸಲು ಹೊರಟಾಗ ಕಾಕಾ ಬೈದರು. ಜೇನು ತೇಗದ ಹೂವನ್ನೇ ನಂಬಿ ವರ್ಷವಿಡೀ ಬದುಕುವುದಿಲ್ಲ. ಕಾಯಿ ಬೀಳುವ ಜಾಗದಷ್ಟು ಮಾತ್ರ ಸ್ವಚ್ಛ ಮಾಡು, ಮಿಕ್ಕದ್ದು ಅವಕ್ಕೆ ಬಿಡು.

ತೊಡಕಾದದ್ದು ಒಂದು ಮರದಿಂದ. ಪಶ್ಚಿಮದ ಅಂಚಿನಲ್ಲಿ, ಕವಲೊಡೆದು ವಾಲಿದ ಹಳೇ ತೇಗ. ಹೂ ಅಂದರೆ ತಲೆ ತುಂಬ ಹೂ. ಕಾಕಾ ಅದಕ್ಕೆ ಮೊದಲ ಕೆಂಪು ಗೀಟು ಎಳೆದಿದ್ದರು. ದಾದಾ ಗೀಟನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಅವರ ತಂದೆ ಮಧ್ಯಾಹ್ನ ಎತ್ತು ಬಿಚ್ಚಿ ಬುತ್ತಿ ಉಣ್ಣುತ್ತಿದ್ದದ್ದು ಅದರ ಕೆಳಗೆ. ಕಾಕಾ ವಾದ ಮಾಡಲಿಲ್ಲ. ಹೋಗಿ ಆ ಮರದ ಬುಡಕ್ಕೆ ನಿಂತು ಒಳಗಡೆಗೆ ಹೆಜ್ಜೆ ಹಾಕುತ್ತಾ ನಡೆದರು, ಸುಮಾರು ನೂರು ಮೀಟರ್. ಅಲ್ಲಿ ಕಲ್ಲು ಇಟ್ಟರು. ಇಲ್ಲಿಂದ ಆ ಕಡೆ ಬೀಜ ಆರಿಸೋದು, ಈ ಕಡೆ ಬೇಡ. ಏಳು ಎಕರೆಯಲ್ಲಿ ದೊಡ್ಡ ತುಂಡೇ ಹೋಯಿತು. ಆದರೂ ಅದೇ ಸರಿ ಅನಿಸಿತು ನನಗೆ. ಬೇರೆಯವರ ಕಾಡಿಗೂ ನಮ್ಮದಕ್ಕೂ ನಡುವೆ ಇಂಥ ಅಂತರ ಹೇಗೂ ಬಿಡಬೇಕಿತ್ತು, ಇದೊಂದು ಕಡೆ ಸ್ವಲ್ಪ ಜಾಸ್ತಿ ಬಿಟ್ಟೆವು.

ಇಷ್ಟೆಲ್ಲ ಮಾಡಿದರೂ ಮುಂದಿನ ಪೀಳಿಗೆ ಒಮ್ಮೆಲೇ ಕಂಬದಂತೆ ಎದ್ದು ನಿಲ್ಲುವುದಿಲ್ಲ. ಕಣ್ಣಿಗೆ ಚೆಂದ ಕಂಡ ಮರದ ಗುಣ ಮಕ್ಕಳಿಗೆ ಎಷ್ಟು ಇಳಿಯುತ್ತದೆ ಅಂತ ಖಚಿತವಾಗಬೇಕಾದರೆ ಮಕ್ಕಳನ್ನು ನೆಟ್ಟು ಹತ್ತಾರು ವರ್ಷ ನೋಡಬೇಕು. ಇದಕ್ಕಿಂತ ಮುಂದಿನ ಮೆಟ್ಟಿಲು ಬೀಜತೋಟ, ಅಂದರೆ ನೆರೆಯವಕ್ಕಿಂತ ಎಲ್ಲದರಲ್ಲೂ ಮೇಲು ಅಂತ ಆರಿಸಿದ ಮರಗಳ (ಇವಕ್ಕೆ ಪ್ಲಸ್ ಮರ ಅನ್ನುತ್ತಾರೆ) ಕಸಿ ಮಾಡಿ ಒಂದೇ ಕಡೆ ನೆಡುವುದು. ಆದರೆ ತೇಗದ ಬೀಜತೋಟಗಳು ನಮ್ಮ ದೇಶದಲ್ಲಿ ಅಂದುಕೊಂಡಷ್ಟು ಕಾಯಿ ಕೊಟ್ಟಿಲ್ಲ. ಬೇರೆ ಬೇರೆ ಕಡೆಯಿಂದ ತಂದ ಕಸಿಗಳು ಒಂದೇ ಹೊತ್ತಿಗೆ ಹೂ ಬಿಡುವುದಿಲ್ಲ ಅನ್ನುವುದು ಒಂದು ಕಾರಣ. ಇರುವ ಕಾಡನ್ನು ಬೀಜಕ್ಕೆ ಬಿಡುವುದು ಸಣ್ಣ ಲಾಭದ ದಾರಿ, ಆದರೆ ಇವತ್ತೇ ಶುರು ಮಾಡಬಹುದಾದ ದಾರಿ.

ಯುರೋಪಿನಲ್ಲಿ ಓಕ್, ಬೀಚ್ ಮರಗಳ ಬೀಜ ಮಾರುವಾಗ ಅದು ಎಲ್ಲಿಯದು ಅಂತ ಹೇಳುವುದು ಕಾನೂನೇ ಆಗಿದೆ. ಬೀಜದ ಚೀಲಕ್ಕೆ ಬಣ್ಣದ ಚೀಟಿ: ಮೂಲ ಮಾತ್ರ ಗೊತ್ತಿದ್ದರೆ ಹಳದಿ, ಆರಿಸಿದ ತೋಪಿನದ್ದಾದರೆ ಹಸಿರು, ಬೀಜತೋಟದ್ದಕ್ಕೆ ಗುಲಾಬಿ, ಮಕ್ಕಳನ್ನು ಬೆಳೆಸಿ ಪರೀಕ್ಷೆ ಮಾಡಿದ್ದಕ್ಕೆ ನೀಲಿ. ನಮ್ಮ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲದ ಮೇಲೆ ಒಂದು ಹಳದಿ ಚೀಟಿಯಾದರೂ ಬಂದರೆ ಎಷ್ಟು ಚೆನ್ನ!

ಟೇಕಡಿ ಮೇಲೆ ನೆಡುವ ಗೆಳೆಯರಿಗೆ ಒಂದು ಮಾತು. ನೆಟ್ಟಗಿರಬೇಕು ಅನ್ನುವುದು ದಿಮ್ಮಿಯ ಲೆಕ್ಕ. ಗುಡ್ಡಕ್ಕೆ ಹಸಿರು ಬೇಕು, ಹಕ್ಕಿಗೆ ಹಣ್ಣು ಬೇಕು ಅಂತ ನೆಡುವಾಗ ಸೊಟ್ಟ ಮರ ದೋಷವೇ ಅಲ್ಲ. ಅಲ್ಲಿ ಬೇಕಾದದ್ದು ತಾಯಂದಿರ ಸಂಖ್ಯೆ. ಒಂದೇ ನೇರಳೆ ಮರದ ಬೀಜದಿಂದ ಐನೂರು ಸಸಿ ಮಾಡಿದರೆ ಆ ಗುಡ್ಡದ ತುಂಬ ಒಡಹುಟ್ಟಿದವರೇ, ಮುಂದೆ ಅವುಗಳ ನಡುವೆಯೇ ಬೀಜ ಕಟ್ಟಬೇಕು. ಇಪ್ಪತ್ತೈದು ಮೂವತ್ತು ಮರಗಳಿಂದ, ಒಂದಕ್ಕೊಂದು ಐವತ್ತು ನೂರು ಮೀಟರ್ ದೂರ ಇರುವವುಗಳಿಂದ, ಸ್ವಲ್ಪ ಸ್ವಲ್ಪ ಆರಿಸಿ ಬೆರೆಸಿ. ಕಾಯಿ ಚೆನ್ನಾಗಿ ಬಿಟ್ಟ ವರ್ಷವೇ ಆರಿಸಿ, ಆಗ ಪರಾಗ ಕೊಟ್ಟ ಮರಗಳೂ ಹೆಚ್ಚು, ಹುಳು ತಿಂದ ಪಾಲೂ ಕಡಿಮೆ. ನೇರಳೆ ಬೀಜ ಒಣಗಿದರೆ ಸತ್ತೇ ಹೋಗುತ್ತದೆ, ತಂದ ವಾರದಲ್ಲೇ ಊರಿ. ತೇಗ ಹಾಗಲ್ಲ, ಒಂದು ವರ್ಷ ಇಟ್ಟದ್ದು ಹೊಸದಕ್ಕಿಂತ ಚೆನ್ನಾಗಿ ಮೊಳೆಯುತ್ತದೆ. ಊರುವ ಮುಂಚೆ ರಾತ್ರಿ ನೀರಲ್ಲಿ, ಹಗಲು ಬಿಸಿಲಲ್ಲಿ, ಒಂದೆರಡು ವಾರ ಹಾಗೇ ಮಾಡಿ.

ಈ ಜನವರಿಯಲ್ಲಿ ನಾವು ಮೊದಲ ಸಲ ಕಾಯಿ ಆರಿಸಿದೆವು. ಮೊದಲು ಬೀಳುವ ಕಾಯಿ ಜೊಳ್ಳು, ಹುಳುಕು, ಅದನ್ನು ಗುಡಿಸಿ ಆಚೆ ಹಾಕಿದೆವು. ಹದಿನೈದು ದಿನ ಬಿಟ್ಟು ಬಿದ್ದದ್ದನ್ನು ಆರಿಸಿ, ಗೋಣಿಯ ಮೇಲೆ ತಿಕ್ಕಿ ಬುಡ್ಡೆ ತೆಗೆದು, ಜರಡಿ ಹಿಡಿದು ಸಣ್ಣದನ್ನು ಬೇರೆ ಮಾಡಿದೆವು. ಮರಕ್ಕೊಂದು ಬಟ್ಟೆ ಚೀಲ, ಚೀಲಕ್ಕೆ ಮರದ ನಂಬರು. ಒಟ್ಟು 28 ಮರ. ಪ್ರತಿ ಚೀಲದಿಂದ ಹತ್ತು ಕಾಯಿ ಕತ್ತರಿಸಿ ನೋಡಿದೆ. ಖಾಲಿ ಇದ್ದವು, ಇಲ್ಲ ಅನ್ನಲ್ಲ, ಆದರೆ ಬದುವಿನ ಮರದಷ್ಟು ಅಲ್ಲ. ಮಳೆಗೆ ಮಡಿ ಮಾಡಿ ಊರಬೇಕು, ಅರ್ಧ ಮಾತ್ರ, ಉಳಿದದ್ದು ಬರುವ ವರ್ಷಕ್ಕೆ.

17ನೇ ನಂಬರಿನ ಚೀಲ ಖಾಲಿ ಬಂತು. ಅದು ನಾನು ಮೊದಲು ಕಂಡ ಆ ಕಂಬದ ಮರದ ಹಿಂದಿನದ್ದು, ಅದಕ್ಕಿಂತಲೂ ನೆಟ್ಟಗೆ, ಇಡೀ ಏಳು ಎಕರೆಯಲ್ಲಿ ಎಲ್ಲಕ್ಕಿಂತ ಉದ್ದ. ಇಲ್ಲಿಯವರೆಗೆ ಒಂದು ಗೊಂಚಲು ಹೂ ಬಿಟ್ಟಿಲ್ಲ. ಈ ಚೀಲ ಬೇರೆಯದಕ್ಕೆ ಬಳಸಲಾ ಅಂತ ಕಾಕಾನ ಕೇಳಿದೆ. "ಬ್ಯಾಡ, ಹಂಗ ಇಡು," ಅಂದರು. ನಂಬರು ಹಾಗೇ ಇದೆ, ಮಡಿಚಿ ಉಳಿದ ಚೀಲಗಳ ಜೊತೆಗೇ ಇಟ್ಟಿದ್ದೇನೆ.